ಮಣಿಕಟ್ಟಿನ ಮೇಲಿನ ತೊಂಬತ್ತೇಳು



ಕೋವಿಡ್ ಬರುವ ಮುಂಚೆ ‘ಸ್ಯಾಚುರೇಷನ್’ ಅನ್ನುವ ಮಾತು ಆಪರೇಷನ್ ಥಿಯೇಟರಿನ ಬಾಗಿಲು ದಾಟಿ ಹೊರಗೆ ಬಂದದ್ದೇ ಕಡಿಮೆ. ಅರಿವಳಿಕೆ ಕೊಡುವ ವೈದ್ಯರು, ಐಸಿಯುನಲ್ಲಿ ಕೆಲಸ ಮಾಡುವ ಸಿಸ್ಟರುಗಳು ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಿದ್ದ ಮಾತು ಅದು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಎರಡನೇ ಅಲೆ ಎದ್ದಾಗ ಅದು ಮನೆಮಾತಾಯಿತು. ‘ಅಪ್ಪನಿಗೆ ಸ್ಯಾಚುರೇಷನ್ ಎಷ್ಟಿದೆ?’ ‘ಬೆಳಿಗ್ಗೆ 96 ಇತ್ತು, ಈಗ 93 ತೋರಿಸ್ತಿದೆ.’ ಊರಿಂದ ಊರಿಗೆ ಇಂಥ ಫೋನುಗಳೇ. ಆಶಾ ಕಾರ್ಯಕರ್ತೆಯರು ಬೆರಳಿಗೆ ಕಚ್ಚಿಸುವ ಪುಟ್ಟ ಯಂತ್ರ ಹಿಡಿದು ಮನೆಮನೆ ಸುತ್ತಿದರು. ಅಂಕಿ 94ಕ್ಕಿಂತ ಕೆಳಗಿಳಿದರೆ ತಡ ಮಾಡಬೇಡಿ ಎಂದು ಹೇಳಿ ಹೋದರು. ಔಷಧದ ಅಂಗಡಿಗಳಲ್ಲಿ ಆಕ್ಸಿಮೀಟರಿನ ಬೆಲೆ ಮನಬಂದಂತೆ ಏರಿತು. ಕಡೆಗೆ ಆ ವರ್ಷದ ಜುಲೈಯಲ್ಲಿ ಕೇಂದ್ರ ಸರ್ಕಾರ ಅದರ ವ್ಯಾಪಾರಿ ಲಾಭಕ್ಕೆ ಶೇಕಡಾ 70ರ ಮಿತಿ ಹಾಕಬೇಕಾಯಿತು.

ಆ ಯಂತ್ರ ಇವತ್ತು ಬಹಳ ಮನೆಗಳಲ್ಲಿ ಬ್ಯಾಟರಿ ಸತ್ತು ಡ್ರಾಯರಿನಲ್ಲಿ ಬಿದ್ದಿದೆ. ಆದರೆ ಅದರ ಅಂಕಿ ಮಾತ್ರ ನಮ್ಮನ್ನು ಬಿಟ್ಟುಹೋಗಿಲ್ಲ. ಬೆರಳಿಂದ ಮಣಿಕಟ್ಟಿಗೆ ಬಂದು ಕೂತಿದೆ. ಎರಡು ಸಾವಿರ ರೂಪಾಯಿಯ ಬ್ಯಾಂಡಿನಿಂದ ಹಿಡಿದು ಅರ್ಧ ಲಕ್ಷದ ಸ್ಮಾರ್ಟ್ ವಾಚಿನವರೆಗೆ ಬಹುಪಾಲು ಎಲ್ಲವೂ ರಕ್ತದ ಆಮ್ಲಜನಕ ಅಳೆಯುತ್ತೇವೆ ಎನ್ನುತ್ತವೆ. ಮಗ ಬೆಂಗಳೂರಿನಿಂದ ತಂದುಕೊಟ್ಟ ವಾಚು ಕಟ್ಟಿಕೊಂಡು ಬೆಳಿಗ್ಗೆ ವಾಕಿಂಗ್ ಹೋಗುವ ಹಿರಿಯರು ಪಾರ್ಕಿನ ಬೆಂಚಿನ ಮೇಲೆ ಕೂತು ಒಬ್ಬರಿಗೊಬ್ಬರು ‘ನಂದು 97, ನಿಮ್ಮದು?’ ಎಂದು ಕೇಳುವುದುಂಟು. ಈ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಅನ್ನುವುದು ಇವತ್ತಿನ ಮಾತು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಆರೋಗ್ಯವಾಗಿದ್ದು, ಬೆಚ್ಚಗಿನ ಜಾಗದಲ್ಲಿ, ಕೈ ಆಡಿಸದೆ ಕೂತಿದ್ದಾಗ ಒಳ್ಳೆಯ ವಾಚು ಹೇಳುವುದು ಸುಮಾರಾಗಿ ಸರಿಯೇ ಇರುತ್ತದೆ. ನಿಮಗೆ ನಿಜವಾಗಿ ಉಸಿರು ಕಟ್ಟುತ್ತಿರುವಾಗ, ಅಂದರೆ ಅದರ ಅಗತ್ಯ ತೀರಾ ಹೆಚ್ಚಿರುವಾಗಲೇ ಅದು ಕೈಕೊಡುವ ಸಂಭವವೂ ಹೆಚ್ಚು. ಇದು ಯಾಕೆ ಹೀಗೆ ಅನ್ನುವುದಕ್ಕೆ ಈ ಅಳತೆ ಹುಟ್ಟಿದ ಬಗೆಯನ್ನು ಸ್ವಲ್ಪ ತಿಳಿಯಬೇಕು.

ರಾತ್ರಿ ಕರೆಂಟು ಹೋದಾಗ ಮೊಬೈಲಿನ ಟಾರ್ಚಿನ ಮೇಲೆ ಬೆರಳ ತುದಿ ಇಟ್ಟು ನೋಡಿ. ಬೆರಳು ಕೆಂಪಗೆ ಹೊಳೆಯುತ್ತದೆ. ಟಾರ್ಚಿನ ಬೆಳಕು ಬಿಳಿ. ಅದರಲ್ಲಿದ್ದ ಹಸಿರು, ನೀಲಿಯನ್ನೆಲ್ಲ ರಕ್ತ ನುಂಗಿಕೊಂಡು ಕೆಂಪನ್ನು ಮಾತ್ರ ಹೊರಗೆ ಬಿಡುತ್ತದೆ. ಆ ಕೆಂಪನ್ನೂ ಎಲ್ಲ ರಕ್ತ ಒಂದೇ ಸಮನಾಗಿ ಬಿಡುವುದಿಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಧಾರಾಳವಾಗಿ ಬಿಟ್ಟುಕೊಟ್ಟು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಆಮ್ಲಜನಕ ಕಳಚಿಕೊಂಡ ಹಿಮೋಗ್ಲೋಬಿನ್ ಇದರ ತದ್ವಿರುದ್ಧ. ಹಾಗಾಗಿ ಎರಡು ಬಗೆಯ ಬೆಳಕು ಹಾಯಿಸಿ, ಯಾವುದು ಎಷ್ಟು ಉಳಿದು ಬಂತೆಂದು ನೋಡಿದರೆ, ನೂರು ಪಾಲು ಹಿಮೋಗ್ಲೋಬಿನ್ನಿನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂದು ಲೆಕ್ಕ ಹಾಕಬಹುದು. ನಾವು ಸ್ಯಾಚುರೇಷನ್ ಅನ್ನುವುದು ಈ ಪಾಲನ್ನೇ. ಸಾಮಾನ್ಯವಾಗಿ ಬಳಸುವ ಕೆಂಪು ಬೆಳಕಿನ ಅಲೆಯುದ್ದ 660 ನ್ಯಾನೊಮೀಟರ್, ಅವಕೆಂಪಿನದು 940.

ಆದರೆ ಬೆರಳಿನಲ್ಲಿ ರಕ್ತ ಮಾತ್ರ ಇಲ್ಲವಲ್ಲ. ಚರ್ಮ, ಮಾಂಸ, ಮೂಳೆ, ಉಗುರು ಎಲ್ಲವೂ ಬೆಳಕನ್ನು ನುಂಗುತ್ತವೆ. ರಕ್ತದಲ್ಲೂ ಅಪಧಮನಿಯದು ಬೇರೆ, ಅಭಿಧಮನಿಯದು ಬೇರೆ. ನಮಗೆ ಬೇಕಾದ್ದು ಅಪಧಮನಿಯ ರಕ್ತದ ಲೆಕ್ಕ. ಈ ಗಂಟನ್ನು ಬಿಡಿಸಿದವರು ಜಪಾನಿನ ನಿಹೋನ್ ಕೋಡೆನ್ ಕಂಪನಿಯ ಎಂಜಿನಿಯರ್ ತಕುವೊ ಅಓಯಾಗಿ. ಅವರು ಹೊರಟದ್ದು ಬೇರೆ ಕೆಲಸಕ್ಕೆ. ರಕ್ತಕ್ಕೆ ಬಣ್ಣವೊಂದನ್ನು ಸೇರಿಸಿ, ಕಿವಿಯ ಹಾಲೆಯ ಮೂಲಕ ಬೆಳಕು ಹಾಯಿಸಿ, ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆಂದು ಅಳೆಯುವ ಪ್ರಯತ್ನದಲ್ಲಿದ್ದರು. ನಾಡಿ ಬಡಿದಾಗಲೆಲ್ಲ ಬೆಳಕು ಏರಿಳಿದು ಗ್ರಾಫು ಕೆಡುತ್ತಿತ್ತು. ಆ ಕಾಟ ತಪ್ಪಿಸಲು ಎರಡು ಬಣ್ಣದ ಬೆಳಕು ಬಳಸಿ ಒಂದರಿಂದ ಇನ್ನೊಂದನ್ನು ಕಳೆದು ನೋಡಿದರು. ಕಾಟ ಹೋಯಿತು. ಆದರೆ ರಕ್ತದ ಆಮ್ಲಜನಕ ಬದಲಾದಾಗ ಲೆಕ್ಕ ತಪ್ಪಿ ಅದು ಮತ್ತೆ ತಲೆಯೆತ್ತುತ್ತಿತ್ತು. ಹಾಗಾದರೆ ಆಮ್ಲಜನಕವನ್ನು ಅಳೆಯುವ ದಾರಿ ಈ ಕಾಟದಲ್ಲೇ ಇದೆ ಎಂದು ಅವರಿಗೆ ಹೊಳೆಯಿತು. ನಾಡಿಯ ಜೊತೆ ಏರಿಳಿಯುವುದು ಅಪಧಮನಿಯ ರಕ್ತ. ಚರ್ಮ, ಮೂಳೆಗಳು ಇದ್ದ ಹಾಗೇ ಇರುತ್ತವೆ. ಏರಿಳಿಯುವ ಭಾಗವನ್ನಷ್ಟೇ ಹಿಡಿದರೆ ಸಾಕು. ಇದು 1974ರ ಮಾತು. ಅಓಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಜಗತ್ತೆಲ್ಲ ಅವರ ಯಂತ್ರಕ್ಕಾಗಿ ಅಂಗಡಿ ಅಂಗಡಿ ಅಲೆಯುತ್ತಿದ್ದ ಹೊತ್ತಿನಲ್ಲಿ.

ಇಲ್ಲೊಂದು ವಿಷಯ ಗಮನಿಸಬೇಕು. ಯಂತ್ರ ನೇರವಾಗಿ ಅಳೆಯುವುದು ಬೆಳಕನ್ನು, ಆಮ್ಲಜನಕವನ್ನಲ್ಲ. ಕೆಂಪು ಮತ್ತು ಅವಕೆಂಪಿನ ಏರಿಳಿತಗಳ ಅನುಪಾತ ಇಷ್ಟಿದ್ದರೆ ಸ್ಯಾಚುರೇಷನ್ ಇಷ್ಟು ಎಂಬ ಕೋಷ್ಟಕವೊಂದು ಅದರೊಳಗೆ ಕೂತಿರುತ್ತದೆ. ಆ ಕೋಷ್ಟಕ ಸಿದ್ಧಾಂತದಿಂದ ಹುಟ್ಟಿದ್ದಲ್ಲ, ಮನುಷ್ಯರಿಂದ ಹುಟ್ಟಿದ್ದು. ಆರೋಗ್ಯವಂತ ಸ್ವಯಂಸೇವಕರನ್ನು ಮಲಗಿಸಿ, ಅಪಧಮನಿಗೆ ಸೂಜಿ ಹಾಕಿ, ಆಮ್ಲಜನಕ ಕಡಿಮೆಯಿರುವ ಗಾಳಿಯನ್ನು ಉಸಿರಾಡಿಸುತ್ತಾರೆ. ಸ್ಯಾಚುರೇಷನ್ ಮೆಟ್ಟಿಲು ಮೆಟ್ಟಿಲಾಗಿ ನೂರರಿಂದ ಎಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ. ಪ್ರತಿ ಮೆಟ್ಟಿಲಲ್ಲೂ ರಕ್ತ ತೆಗೆದು ಲ್ಯಾಬಿನ ಯಂತ್ರದಲ್ಲಿ ಪರೀಕ್ಷಿಸಿ, ಬೆರಳಿನ ಯಂತ್ರ ತೋರಿಸಿದ್ದಕ್ಕೆ ತಾಳೆ ಹಾಕುತ್ತಾರೆ. ಎಪ್ಪತ್ತಕ್ಕಿಂತ ಕೆಳಗೆ ಇಳಿಸುವುದು ಅಪಾಯ. ಹಾಗಾಗಿ ಅದಕ್ಕಿಂತ ಕೆಳಗಿನ ಅಂಕಿಗಳನ್ನು ಯಾವ ಯಂತ್ರ ತೋರಿಸಿದರೂ ಅದು ಊಹೆಗೆ ಹತ್ತಿರ.

ಇನ್ನು ನಿಮ್ಮ ವಾಚಿಗೆ ಬರೋಣ. ಬಿಚ್ಚಿ ಹಿಂಬದಿ ತಿರುಗಿಸಿ. ಗಾಜಿನ ಅಡಿಯಲ್ಲಿ ಸಣ್ಣ ಸಣ್ಣ ದೀಪಗಳಿರುತ್ತವೆ. ದಿನವಿಡೀ ಮಿನುಗುವ ಹಸಿರು ದೀಪ ನಾಡಿಬಡಿತ ಎಣಿಸುವುದಕ್ಕೆ. ಆಮ್ಲಜನಕ ಅಳೆ ಎಂದು ಒತ್ತಿದಾಗ ಹೊತ್ತಿಕೊಳ್ಳುವ ಕೆಂಪು ದೀಪ ಬೇರೆ. ಅದರ ಜೊತೆಗೇ ಅವಕೆಂಪು ದೀಪವೂ ಉರಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಹಸಿರು ಬೆಳಕನ್ನು ರಕ್ತ ಚೆನ್ನಾಗಿ ನುಂಗುವುದರಿಂದ ಬಡಿತ ಎಣಿಸುವುದು ಸುಲಭ. ಕೆಂಪಿನ ಏರಿಳಿತ ಅದಕ್ಕಿಂತ ಬಹಳ ಸಣ್ಣದು. ಆದ್ದರಿಂದ ನಾಡಿಬಡಿತ ಸರಿ ತೋರಿಸುವ ವಾಚು ಆಮ್ಲಜನಕವನ್ನೂ ಸರಿಯಾಗೇ ತೋರಿಸುತ್ತದೆ ಎಂದುಕೊಳ್ಳುವ ಹಾಗಿಲ್ಲ.

ಬೆರಳಿನ ಯಂತ್ರದಲ್ಲಿ ಒಂದು ಕಡೆ ದೀಪ, ಇನ್ನೊಂದು ಕಡೆ ಬೆಳಕು ಹಿಡಿಯುವ ಕಣ್ಣು. ಬೆಳಕು ಬೆರಳನ್ನು ಹಾದು ಆಚೆ ಬರುತ್ತದೆ. ಮಣಿಕಟ್ಟಿನಲ್ಲಿ ಅದು ಆಗದ ಮಾತು. ಎಂಥ ಟಾರ್ಚು ಹಿಡಿದರೂ ಮಣಿಕಟ್ಟು ಬೆರಳಿನಂತೆ ಹೊಳೆಯುವುದಿಲ್ಲ. ಅದಕ್ಕೇ ವಾಚಿನಲ್ಲಿ ದೀಪವೂ ಕಣ್ಣೂ ಒಂದೇ ಕಡೆ ಇವೆ. ಚರ್ಮದೊಳಗೆ ಹೋಗಿ, ಚದುರಿ, ಹಿಂದಕ್ಕೆ ಬಂದಷ್ಟು ಬೆಳಕನ್ನು ಅದು ಓದಿಕೊಳ್ಳಬೇಕು. ಜಾಗವೂ ಅನುಕೂಲದ್ದಲ್ಲ. ವೈದ್ಯರು ನಾಡಿ ಹಿಡಿಯುವುದು ಅಂಗೈ ಕಡೆಯ ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡಕ್ಕೆ. ಆಸ್ಪತ್ರೆಯಲ್ಲಿ ಅಪಧಮನಿಯ ರಕ್ತ ತೆಗೆದು ಎಬಿಜಿ ಮಾಡಿಸುವಾಗ ಸೂಜಿ ಚುಚ್ಚುವುದೂ ಹೆಚ್ಚಾಗಿ ಅಲ್ಲೇ. ವಾಚು ಕೂತಿರುವುದು ಅದರ ಬೆನ್ನಿಗೆ, ಮೂಳೆ ಮತ್ತು ಸ್ನಾಯುರಜ್ಜುಗಳ ಮೇಲೆ, ರಕ್ತದ ಓಡಾಟ ಕಡಿಮೆಯಿರುವ ಕಡೆ. ಬೆರಳ ತುದಿಯಲ್ಲಿ ಸಿಗುವ ನಾಡಿಯ ಏರಿಳಿತದ ಸಣ್ಣದೊಂದು ಪಾಲು ಮಾತ್ರ ಅಲ್ಲಿ ಸಿಗುತ್ತದೆ.

ಅಷ್ಟು ಸಣ್ಣ ಸಂಕೇತವನ್ನು ಕೆಡಿಸಲು ಬಹಳ ಬೇಕಿಲ್ಲ. ಕೈ ಆಡಿದರೆ ಕೆಡುತ್ತದೆ. ಪಟ್ಟಿ ಸಡಿಲವಿದ್ದರೆ ಹೊರಗಿನ ಬೆಳಕು ನುಸುಳುತ್ತದೆ, ತೀರಾ ಬಿಗಿಯಾದರೆ ರಕ್ತವೇ ಹಿಂಡಿಹೋಗುತ್ತದೆ. ಕೊಡಗಿನ ಡಿಸೆಂಬರ್ ಚಳಿಯಲ್ಲಿ ಕೈ ತಣ್ಣಗಾಗಿ ಚರ್ಮದ ರಕ್ತನಾಳಗಳು ಮುದುಡಿಕೊಂಡಿದ್ದರೆ ಓದಲು ಏನೂ ಉಳಿಯುವುದಿಲ್ಲ. ಮಣಿಕಟ್ಟಿನ ಮೇಲೆ ಹಚ್ಚೆ ಇದ್ದರೆ ಅದರ ಬಣ್ಣವೂ ಬೆಳಕನ್ನು ತಡೆಯುತ್ತದೆ. ಬೆರಳಿನ ಯಂತ್ರಕ್ಕೂ ಇಂಥ ತೊಡಕುಗಳಿವೆ. ಕಪ್ಪು, ನೀಲಿಯಂಥ ಗಾಢ ಬಣ್ಣದ ನೈಲ್‌ಪಾಲಿಶ್ ಇದ್ದರೆ, ಮದುವೆಮನೆಯ ಕಡುಗಪ್ಪು ಮೆಹಂದಿ ಬೆರಳ ತುದಿಗೆ ಮೆತ್ತಿದ್ದರೆ ಅಂಕಿ ತಪ್ಪಬಹುದು. ಬೆರಳಿನಲ್ಲಿ ಬಣ್ಣ ಒರೆಸಿಯೋ ಇನ್ನೊಂದು ಬೆರಳು ಕೊಟ್ಟೋ ನೋಡಬಹುದು. ಮಣಿಕಟ್ಟು ಬದಲಿಸಿದರೆ ಸಿಗುವುದು ಇನ್ನೊಂದು ಮಣಿಕಟ್ಟು ಮಾತ್ರ.

ಸಂಕೇತ ಕ್ಷೀಣವಾದಾಗ ಒಳ್ಳೆಯ ವಾಚು ಏನು ಮಾಡುತ್ತದೆ? ‘ಅಳೆಯಲಾಗಲಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ’ ಎಂದು ಕೈಚೆಲ್ಲುತ್ತದೆ. ಜನಕ್ಕೆ ಇದು ಕಿರಿಕಿರಿ. ಇಷ್ಟು ದುಡ್ಡು ಕೊಟ್ಟು ತಂದರೂ ಒಂದು ಅಂಕಿ ತೋರಿಸಲಿಕ್ಕೆ ಬರಲ್ಲವಲ್ಲ ಎಂದು ಬೈಯುತ್ತಾರೆ. ನನ್ನನ್ನು ಕೇಳಿದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಆ ವಾಚೇ ವಾಸಿ. ಹೇಗೆ ಕಟ್ಟಿದರೂ, ಎಲ್ಲಿ ಇಟ್ಟರೂ ತಡವರಿಸದೆ 97, 98 ಎನ್ನುವುದರ ಬಗ್ಗೆಯೇ ಅನುಮಾನಪಡಬೇಕು. ಕೋವಿಡ್ ಕಾಲದಲ್ಲಿ ಆಕ್ಸಿಮೀಟರಿನೊಳಗೆ ಬೆರಳಿನ ಬದಲು ಪೆನ್ಸಿಲ್ ಇಟ್ಟರೂ ಅಂಕಿ ತೋರಿಸಿದ ವಿಡಿಯೋಗಳು ಓಡಾಡಿದ್ದು ನಿಮಗೆ ನೆನಪಿರಬಹುದು.

ಹಾಗಾದರೆ ‘ನನ್ನ ವಾಚು ಸರಿ ಇದೆ, ಬೆರಳಿನ ಯಂತ್ರಕ್ಕೆ ತಾಳೆ ನೋಡಿದ್ದೇನೆ, ಎರಡೂ 97 ಅಂದವು’ ಎಂದು ಯಾರಾದರೂ ಹೇಳಿದರೆ? ಒಂದು ಕಾಗದದ ಚೂರಿನ ಮೇಲೆ 97 ಎಂದು ಬರೆದು ಕೈಗೆ ಅಂಟಿಸಿಕೊಳ್ಳಿ ಎನ್ನುತ್ತೇನೆ ನಾನು. ಆರೋಗ್ಯವಂತರ ಸ್ಯಾಚುರೇಷನ್ ಸಾಮಾನ್ಯವಾಗಿ 95ರಿಂದ 99ರ ಒಳಗೇ ಇರುವುದರಿಂದ ಆ ಕಾಗದವೂ ದಿನವಿಡೀ ಎರಡು ಅಂಕಿಯೊಳಗೆ ನಿಜ ಹೇಳುತ್ತಿರುತ್ತದೆ. ಅಂದಮೇಲೆ ಚೆನ್ನಾಗಿರುವವರ ಮೇಲೆ ಪರೀಕ್ಷೆ ಪಾಸಾಗುವುದು ದೊಡ್ಡ ಮಾತಲ್ಲ. ಆಮ್ಲಜನಕ 88ಕ್ಕೆ ಇಳಿದಾಗ ಯಂತ್ರ 88ರ ಹತ್ತಿರಕ್ಕೆ ಇಳಿಯುತ್ತದೆಯೇ? ನಿಜವಾದ ಪರೀಕ್ಷೆ ಅದು.

ಈ ಕಣ್ಣಿನಿಂದ ಅಧ್ಯಯನಗಳನ್ನು ಓದಬೇಕು. 2021ರಲ್ಲಿ ಬ್ರೆಜಿಲ್ಲಿನ ಸಾವ್ ಪಾಲೊ ವಿಶ್ವವಿದ್ಯಾಲಯದವರು ಶ್ವಾಸಕೋಶದ ರೋಗಿಗಳ ಕೈಗೆ ಆಪಲ್ ವಾಚ್ ಕಟ್ಟಿ ಬೆರಳಿನ ಯಂತ್ರಗಳ ಜೊತೆ ಹೋಲಿಸಿದರು. ಎರಡರ ಅಂಕಿಗಳೂ ಚೆನ್ನಾಗಿ ಹೊಂದಿಕೊಂಡವು. ಒಳ್ಳೆಯ ಸುದ್ದಿಯೇ. ಆದರೆ ಹೋಲಿಸಿದ್ದು ಬೆರಳಿನ ಯಂತ್ರಕ್ಕೆ, ಅಪಧಮನಿಯ ರಕ್ತಕ್ಕಲ್ಲ. ಅಳತೆಗೋಲೇ ಸ್ವಲ್ಪ ಡೊಂಕಿದ್ದರೆ ಅದರಿಂದ ಅಳೆದದ್ದು ನೆಟ್ಟಗಿದೆ ಎಂದು ಹೇಳುವುದು ಹೇಗೆ? ಮಣಿಕಟ್ಟಿನ ವಾಚುಗಳ ಮೇಲೆ ನಡೆದ ಬಹಳಷ್ಟು ಅಧ್ಯಯನಗಳ ಮಿತಿ ಇದು.

ಬೆರಳಿನ ಯಂತ್ರಗಳೂ ಎಲ್ಲ ಒಂದೇ ಅಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರದಲ್ಲಿ ಇಂಥ ಪರೀಕ್ಷೆಗಳಿಗೇ ಹೆಸರಾದ ಪ್ರಯೋಗಾಲಯವಿದೆ. ಅಲ್ಲಿಯವರು ಆರು ಅಗ್ಗದ ಬೆರಳಿನ ಯಂತ್ರಗಳನ್ನು ನಾನು ಆಗಲೇ ಹೇಳಿದ ರೀತಿಯಲ್ಲಿ, ಅಪಧಮನಿಯ ರಕ್ತಕ್ಕೇ ತಾಳೆ ಹಾಕಿ ನೋಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂತರರಾಷ್ಟ್ರೀಯ ಮಾನದಂಡಕ್ಕೆ ತಲುಪಿದ್ದು ಆರರಲ್ಲಿ ಎರಡೇ. ರಕ್ತದ ಆಮ್ಲಜನಕ ಕುಸಿದಿದ್ದರೂ ಮಾಮೂಲಿ ಅಂಕಿಗೇ ಅಂಟಿಕೊಂಡು ಕೂತವೂ ಅವುಗಳಲ್ಲಿದ್ದವು. ಕಾಗದದ ಚೂರಿನ ಮಾತನ್ನು ನಾನು ತಮಾಷೆಗೆ ಹೇಳಿದ್ದಲ್ಲ.

ಮಾನದಂಡಕ್ಕೆ ತಲುಪಿತು ಅಂದರೂ ಏನರ್ಥ ಅನ್ನುವುದನ್ನು ನೋಡಿ. ಈ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡ 70ರಿಂದ 100ರ ನಡುವೆ ಸರಾಸರಿ ನಾಲ್ಕು ಅಂಕಿಯವರೆಗಿನ ತಪ್ಪನ್ನು ಒಪ್ಪುತ್ತದೆ. ಇದು ಸಂಖ್ಯಾಶಾಸ್ತ್ರದ ಸರಾಸರಿ. ಅದರರ್ಥ, ಮೂರರಲ್ಲಿ ಎರಡು ಸಲ ತಪ್ಪು ನಾಲ್ಕರೊಳಗೆ ಇರುತ್ತದೆ, ಮೂರನೆಯ ಸಲ ಅದಕ್ಕಿಂತ ಹೆಚ್ಚಾಗಿದ್ದರೂ ಕೇಳುವ ಹಾಗಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯೇ ಜನರಿಗೆ ಬಿಡಿಸಿ ಹೇಳಿದೆ: ಯಂತ್ರ 90 ಎಂದರೆ ನಿಜವಾದದ್ದು 86ರಿಂದ 94ರ ನಡುವೆ ಎಲ್ಲಾದರೂ ಇರಬಹುದು ಎಂದು. 86 ಅಂದರೆ ತಕ್ಷಣ ಆಕ್ಸಿಜನ್ ಹಾಕಬೇಕಾದ ಸ್ಥಿತಿ. 94 ಅಂದರೆ ಮನೆಯಲ್ಲೇ ಇದ್ದು ಗಮನಿಸುವ ಸ್ಥಿತಿ. ಇದು ಪರೀಕ್ಷೆ ಪಾಸಾದ ಯಂತ್ರದ ಮಾತು. ಪರೀಕ್ಷೆಗೇ ಕೂರದ ವಾಚುಗಳಿಗೆ ಇಷ್ಟು ಭರವಸೆಯೂ ಇಲ್ಲ.

ಇಲ್ಲಿ ರಕ್ತದ ಒಂದು ಸ್ವಭಾವವೂ ಸೇರಿಕೊಳ್ಳುತ್ತದೆ. ಶ್ವಾಸಕೋಶದ ಸ್ಥಿತಿ ಸ್ವಲ್ಪ ಕೆಟ್ಟರೂ ಸ್ಯಾಚುರೇಷನ್ ಬೇಗ ಇಳಿಯುವುದಿಲ್ಲ. ಹಿಮೋಗ್ಲೋಬಿನ್ ಸಿಕ್ಕ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಂಡು ಅಂಕಿಯನ್ನು ಮೇಲೆಯೇ ಉಳಿಸುತ್ತದೆ. 90ರ ಆಸುಪಾಸಿಗೆ ಬಂದ ಮೇಲೆ ಜಾರುದಾರಿ. ಹಾಗಾಗಿ 98ರ ಜಾಗದಲ್ಲಿ 95 ಎಂದು ತೋರಿಸಿದರೆ ಅನಾವಶ್ಯಕ ಗಾಬರಿಯಾದೀತು, ಅಷ್ಟೆ. 89ರ ಜಾಗದಲ್ಲಿ 94 ಎಂದು ತೋರಿಸಿದರೆ ಜೀವಕ್ಕೇ ಸಂಚಕಾರ. ತಪ್ಪು ಎರಡೂ ಕಡೆ ಆಗಬಹುದು, ಬೆಲೆ ತೆರಬೇಕಾದ್ದು ಮಾತ್ರ ಎರಡು ಕಡೆ ಒಂದೇ ಅಲ್ಲ.

ಇನ್ನು ನಮಗೆ ನೇರವಾಗಿ ತಟ್ಟುವ ವಿಷಯ, ಮೈಬಣ್ಣ. ಚರ್ಮಕ್ಕೆ ಕಪ್ಪು ಕೊಡುವ ಮೆಲನಿನ್ ಬೆಳಕನ್ನು ನುಂಗುತ್ತದೆ. ಅದು ನಾಡಿಯ ಜೊತೆ ಏರಿಳಿಯುವುದಿಲ್ಲವಾದ್ದರಿಂದ ಲೆಕ್ಕ ಕೆಡಬಾರದು ಎಂದು ಬಹುಕಾಲ ನಂಬಿದ್ದರು. ಆದರೆ 2005ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊದ ಅದೇ ಪ್ರಯೋಗಾಲಯದವರು, ಆಮ್ಲಜನಕ ಕಡಿಮೆಯಾದಾಗ ಕಪ್ಪು ಚರ್ಮದವರಲ್ಲಿ ಯಂತ್ರಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ ಎಂದು ಬರೆದರು. ಯಾರೂ ಹೆಚ್ಚು ಕಿವಿಗೊಡಲಿಲ್ಲ. 2020ರ ಡಿಸೆಂಬರಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಸಾವಿರಾರು ರೋಗಿಗಳ ದಾಖಲೆ ಇಟ್ಟು ಮಾತಾಡಿದಾಗ ಜಗತ್ತು ತಿರುಗಿ ನೋಡಿತು. ಬೆರಳಿನ ಯಂತ್ರ 92ರಿಂದ 96 ಎಂದು ಸಮಾಧಾನ ಹೇಳುತ್ತಿದ್ದ ಹೊತ್ತಿನಲ್ಲೇ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯ ರೋಗಿಗಳಲ್ಲಿ ಶೇಕಡಾ 3.6, ಕಪ್ಪು ರೋಗಿಗಳಲ್ಲಿ ಶೇಕಡಾ 11.7. ಅಂದರೆ ಮೂರು ಪಟ್ಟು. ನೆನಪಿಡಿ, ಇವು ಆಸ್ಪತ್ರೆಯ ಯಂತ್ರಗಳು, ವಾಚುಗಳಲ್ಲ.

ಕಾರಣ ಕೋಷ್ಟಕದಲ್ಲಿದೆ. ಅದನ್ನು ತಯಾರಿಸಲು ಮಲಗಿದ ಸ್ವಯಂಸೇವಕರಲ್ಲಿ ಬಹುಪಾಲು ಜನ ತಿಳಿಬಣ್ಣದವರು. ಅಮೆರಿಕದ ಹಳೆಯ ನಿಯಮ ಕೇಳುತ್ತಿದ್ದದ್ದು ಕನಿಷ್ಠ ಹತ್ತು ಜನರನ್ನು. ಕಡುಬಣ್ಣದವರು ಅದರಲ್ಲಿ ಇಬ್ಬರಿದ್ದರೆ ಸಾಕಿತ್ತು. 2025ರ ಜನವರಿಯಲ್ಲಿ ಬಂದ ಹೊಸ ಕರಡು ನಿಯಮ ನೂರೈವತ್ತು ಜನರಾದರೂ ಬೇಕು, ಮೈಬಣ್ಣದ ಎಲ್ಲ ಛಾಯೆಯವರೂ ಇರಬೇಕು ಎನ್ನುತ್ತದೆ. ನಮ್ಮಲ್ಲಿ ಒಂದೇ ಮನೆಯಲ್ಲಿ ಗೋಧಿಬಣ್ಣದಿಂದ ಎಣ್ಣೆಗಪ್ಪಿನವರೆಗೆ ಎಲ್ಲ ಛಾಯೆಯವರೂ ಇರುತ್ತಾರೆ. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಬಿಸಿಲಿಗೆ ದುಡಿಯುವವರ ಮೈ ಇನ್ನೂ ಕಪ್ಪು. ಅಂಥವರ ಬೆರಳಿಗೆ, ಕೈಗೆ ಯಂತ್ರ ಹಾಕಿದಾಗ ಒಂದೆರಡು ಅಂಕಿ ಮೇಲಕ್ಕೇ ತೋರಿಸುತ್ತಿರಬಹುದು ಎಂಬ ಎಚ್ಚರ ನಮ್ಮ ಊರಿನ ವೈದ್ಯರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ಇರಬೇಕು.

ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಕಾಣದ ಎರಡು ಸಂಗತಿಗಳಿವೆ. ಒಂದು, ಕಾರ್ಬನ್ ಮಾನಾಕ್ಸೈಡ್. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿಕೊಂಡು, ಚಳಿಗೆ ಕಿಟಕಿ ಬಾಗಿಲು ಮುಚ್ಚಿ ಇದ್ದಿಲ ಕೆಂಡ ಇಟ್ಟುಕೊಂಡು ಜನ ಸಾಯುವ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ. ಈ ವಿಷಾನಿಲ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು ಜಾಗ ಕಸಿಯುತ್ತದೆ. ಎರಡೇ ಬಣ್ಣದ ಬೆಳಕಿನಲ್ಲಿ ನೋಡುವ ಯಂತ್ರದ ಕಣ್ಣಿಗೆ ಅಂಥ ರಕ್ತವೂ ಆಮ್ಲಜನಕ ತುಂಬಿದ ರಕ್ತದ ಹಾಗೇ ಕಾಣುತ್ತದೆ. ಮನುಷ್ಯ ಪ್ರಜ್ಞೆತಪ್ಪಿ ಬಿದ್ದಿದ್ದರೂ ಅಂಕಿ 98 ಇರಬಹುದು. ಅಂಥ ಹೊತ್ತಿನಲ್ಲಿ ಬಾಗಿಲು ತೆರೆದು, ಹೊರಗೆ ಎಳೆದು ತಂದು, 108ಕ್ಕೆ ಫೋನು ಮಾಡಬೇಕೇ ಹೊರತು ಆಕ್ಸಿಮೀಟರ್ ಹುಡುಕಬಾರದು.

ಇನ್ನೊಂದು ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಸ್ಯಾಚುರೇಷನ್ ಹೇಳುವುದು ಇರುವ ಬಸ್ಸುಗಳಲ್ಲಿ ಎಷ್ಟು ಸೀಟು ಭರ್ತಿಯಾಗಿವೆ ಎಂದು ಮಾತ್ರ. ಡಿಪೋದಲ್ಲಿ ಬಸ್ಸುಗಳೇ ಅರ್ಧ ಇದ್ದರೆ ಅದು ಗೊತ್ತಾಗುವುದಿಲ್ಲ. ಹಿಮೋಗ್ಲೋಬಿನ್ 7ಕ್ಕೆ ಇಳಿದ ಗರ್ಭಿಣಿಯ ಕೈಯಲ್ಲೂ ವಾಚು 99 ತೋರಿಸುತ್ತದೆ. ಆಕೆಗೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ‘ಆಕ್ಸಿಜನ್ ಚೆನ್ನಾಗೇ ಇದೆಯಲ್ಲ’ ಎಂದು ಮನೆಯವರು ಸುಮ್ಮನಾದರೆ ತಪ್ಪು ವಾಚಿನದಲ್ಲ.

ಕಂಪನಿಗಳು ಇದನ್ನೆಲ್ಲ ಮುಚ್ಚಿಟ್ಟಿವೆಯೇ ಎಂದರೆ, ಇಲ್ಲ. ಸಣ್ಣ ಅಕ್ಷರದಲ್ಲಿ ಬರೆದೇ ಇಟ್ಟಿವೆ. 2020ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಆರನೇ ಸರಣಿಯ ವಾಚಿಗೆ ಈ ಸೌಲಭ್ಯ ತಂದಾಗಲೇ, ಇದು ಫಿಟ್‌ನೆಸ್ ಮತ್ತು ಕ್ಷೇಮಕ್ಕೆ ಮಾತ್ರ, ವೈದ್ಯಕೀಯ ಬಳಕೆಗಲ್ಲ ಎಂದು ಹೇಳಿತ್ತು. ಜಾಹೀರಾತಿನಲ್ಲಿ ಆಮ್ಲಜನಕ ದೊಡ್ಡದಾಗಿ ಕಾಣುತ್ತದೆ, ಈ ಮಾತು ಡಬ್ಬಿಯೊಳಗಿನ ಕಾಗದದಲ್ಲಿ ಮಡಚಿಕೊಂಡಿರುತ್ತದೆ. ಫ್ರಾನ್ಸಿನ ವಿಥಿಂಗ್ಸ್ ಕಂಪನಿಯ ಸ್ಕ್ಯಾನ್‌ವಾಚ್ 2021ರಲ್ಲಿ, ಅಮೆರಿಕದ ಮಾಸಿಮೊ ಕಂಪನಿಯ ವಾಚು 2023ರಲ್ಲಿ ಅಮೆರಿಕದ ನಿಯಂತ್ರಕರ ಪರೀಕ್ಷೆ ದಾಟಿ ಅನುಮತಿ ಪಡೆದವು. ಅಂದರೆ ಮಣಿಕಟ್ಟಿನಲ್ಲಿ ಅಳೆಯುವುದೇ ಅಸಾಧ್ಯ ಎಂದೇನಿಲ್ಲ. ಹಾಗೆ ಪರೀಕ್ಷೆಗೆ ಕೂತವು ಬೆರಳೆಣಿಕೆಯಷ್ಟು. ಇದೇ ಮಾಸಿಮೊ ಮತ್ತು ಆಪಲ್ ನಡುವಿನ ವ್ಯಾಜ್ಯದಿಂದಾಗಿ 2024ರ ಜನವರಿಯಿಂದ ಅಮೆರಿಕದಲ್ಲಿ ಮಾರಿದ ಹೊಸ ಆಪಲ್ ವಾಚುಗಳಲ್ಲಿ ಈ ಅಳತೆಯನ್ನೇ ತೆಗೆಯಬೇಕಾಗಿ ಬಂದು, 2025ರ ಆಗಸ್ಟಿನಲ್ಲಿ ಬೇರೆ ರೂಪದಲ್ಲಿ ಮರಳಿ ಬಂತು. ಆದರೆ ಆ ಜಗಳ ಪೇಟೆಂಟಿನದು. ಅಂಕಿ ಸರಿಯೋ ತಪ್ಪೋ ಎಂಬುದು ಅಲ್ಲಿ ಚರ್ಚೆಯೇ ಆಗಿರಲಿಲ್ಲ.

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ಆದರೆ ‘ನಮ್ಮದು ವೈದ್ಯಕೀಯ ಸಾಧನವೇ ಅಲ್ಲ, ಬರೀ ಕ್ಷೇಮದ ವಾಚು’ ಎಂದುಬಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ. ಹಾಗಾಗಿ ಕೊಳ್ಳುವ ಮುಂಚೆ ನೀವೇ ಒಂದು ಮಾತು ಓದಿ ನೋಡಬೇಕು: ಡಬ್ಬಿಯ ಮೇಲೆ ವೈದ್ಯಕೀಯ ಬಳಕೆಗಲ್ಲ ಎಂದು ಬರೆದಿದೆಯೇ, ಇಲ್ಲವೇ?

ಹಾಗಾದರೆ ಈ ಅಳತೆ ನಿರುಪಯೋಗವೇ? ಖಂಡಿತ ಅಲ್ಲ. ಒಂದೇ ಸಲದ ಅಂಕಿಗಿಂತ ಹಲವು ದಿನಗಳ ಜಾಡು ಹೆಚ್ಚು ಹೇಳುತ್ತದೆ. ನಿಮ್ಮ ವಾಚು ತಿಂಗಳುಗಟ್ಟಲೆ 96, 97 ತೋರಿಸುತ್ತಿದ್ದದ್ದು ಈ ವಾರ ಮತ್ತೆಮತ್ತೆ 92 ಎನ್ನುತ್ತಿದ್ದರೆ ಅದಕ್ಕೆ ಕಾರಣ ಹುಡುಕಬೇಕು. ಬೆರಳಿನ ಯಂತ್ರ ತಂದು ನೋಡಬೇಕು, ವೈದ್ಯರಲ್ಲಿಗೆ ಹೋಗಬೇಕು. ಆದರೆ ನಡುರಾತ್ರಿ ಒಂದು ಸಲ 86 ಎಂದು ಬರೆದಿಟ್ಟದ್ದನ್ನು ಬೆಳಿಗ್ಗೆ ನೋಡಿ ಎದೆ ಒಡೆದುಕೊಳ್ಳಬೇಡಿ. ಕೈಯನ್ನು ಮೈಕೆಳಗೆ ಹಾಕಿ ಮಲಗಿದರೂ ಹಾಗೆ ಆಗುತ್ತದೆ. ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದವರು ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಗೆ ನಿದ್ರಾ ಪರೀಕ್ಷೆಯನ್ನೇ ಮಾಡಿಸಬೇಕು. ಆಪಲ್ 2024ರಲ್ಲಿ ಈ ತೊಂದರೆಗೆ ಎಚ್ಚರಿಕೆ ಕೊಡುವ ಸೌಲಭ್ಯ ತಂದಾಗ ಅದಕ್ಕೆ ಆಧಾರ ಮಾಡಿಕೊಂಡದ್ದು ಆಮ್ಲಜನಕದ ಅಂಕಿಯನ್ನಲ್ಲ, ಮಣಿಕಟ್ಟಿನ ಸೂಕ್ಷ್ಮ ಚಲನೆಯನ್ನು.

ಲಡಾಖಿಗೋ ಕೇದಾರನಾಥಕ್ಕೋ ಹೊರಟವರಿಗೂ ಒಂದು ಮಾತು. ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯೇ ತೆಳು. ಅಲ್ಲಿಗೆ ಹೋದ ಮೊದಲ ದಿನ ಆರೋಗ್ಯವಂತರ ಸ್ಯಾಚುರೇಷನ್ನೂ 90ರ ಕೆಳಗೆ ಇಳಿಯಬಹುದು. ಚಳಿಗೆ ಕೈ ಮರಗಟ್ಟಿರುವುದರಿಂದ ವಾಚು ಅಲ್ಲಿ ಇನ್ನಷ್ಟು ತಬ್ಬಿಬ್ಬು. ತಲೆನೋವು, ವಾಂತಿ, ತೂರಾಡುವ ನಡಿಗೆ, ಕೂತಲ್ಲೇ ಏದುಸಿರು ಶುರುವಾದರೆ ವಾಚು ಏನೇ ಹೇಳಲಿ, ಕೆಳಗಿಳಿಯಬೇಕು.

ಮನೆಯಲ್ಲಿ ಅಳೆಯುವುದಾದರೆ ಕ್ರಮ ಇಷ್ಟೇ. ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಷ್ಟು ಮೇಲಕ್ಕೆ, ಹಿಡಿಯುವಷ್ಟು ಮಾತ್ರ ಬಿಗಿಯಾಗಿ ಕಟ್ಟಿ. ಕೈಯನ್ನು ಮೇಜಿನ ಮೇಲೆ ಚಾಚಿ ಮಾತಾಡದೆ ಇರಿ. ಎರಡು ಮೂರು ಸಲ ನೋಡಿ. ಬೆರಳಿನ ಯಂತ್ರವಾದರೆ ಹಾಕಿದ ಕೂಡಲೇ ಬರುವ ಅಂಕಿ ಬೇಡ, ಅರ್ಧ ಒಂದು ನಿಮಿಷ ಬಿಟ್ಟು ನಿಂತ ಅಂಕಿಯನ್ನು ಬರೆದುಕೊಳ್ಳಿ. ಯಂತ್ರ ತೋರಿಸುವ ನಾಡಿಬಡಿತವನ್ನು ನೀವೇ ನಾಡಿ ಹಿಡಿದು ಎಣಿಸಿ ತಾಳೆ ನೋಡಿ. ಅದೇ ತಪ್ಪಿದ್ದರೆ ಆಮ್ಲಜನಕದ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ಕೆಲವರಿಗೆ ವೈದ್ಯರು 88ರಿಂದ 92 ಇದ್ದರೆ ಸಾಕು ಎಂದಿರುತ್ತಾರೆ. ಅಂಥವರು ಪಕ್ಕದ ಮನೆಯವರ 98 ನೋಡಿ ಆಕ್ಸಿಜನ್ ಏರಿಸಿಕೊಳ್ಳಬಾರದು.

ಕೊನೆಗೆ, ಯಂತ್ರವಿಲ್ಲದೆ ನೋಡಬಹುದಾದ್ದನ್ನು ಮರೆಯಬೇಡಿ. ಮನೆಯಲ್ಲಿ ಯಾರಿಗಾದರೂ ಉಸಿರಿನ ತೊಂದರೆ ಎಂದಾಗ ಮೊದಲು ಅವರ ಮುಖ ನೋಡಿ. ಒಂದು ವಾಕ್ಯವನ್ನು ನಡುವೆ ನಿಲ್ಲಿಸದೆ ಹೇಳಲು ಆಗುತ್ತದೆಯೇ? ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಿದ್ದಾರೆ ಎಂದು ಎದೆಯ ಏರಿಳಿತ ನೋಡಿ ಎಣಿಸಿ. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ 12ರಿಂದ 20 ಮಾಮೂಲಿ, 24 ದಾಟಿದರೆ ಗಂಭೀರ. ಕತ್ತಿನ ಸ್ನಾಯುಗಳು ಎಳೆದುಕೊಳ್ಳುತ್ತಿವೆಯೇ? ತುಟಿ, ನಾಲಿಗೆ ನೀಲಿಗಟ್ಟಿವೆಯೇ? ಮಾತು ತೊದಲುತ್ತಿದೆಯೇ, ಮಂಪರು ಹತ್ತಿದೆಯೇ? ಎದೆ ನೋವಿದೆಯೇ? ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ಅಂಕಿ ಕೆಟ್ಟದಾಗಿದ್ದರೆ ಹೋಗಬೇಕಾದ್ದು ಸರಿಯೇ. ಅಂಕಿ ಚೆನ್ನಾಗಿದೆ ಅನ್ನುವುದು ಮಾತ್ರ ಹೋಗದೇ ಇರಲು ಕಾರಣವಾಗಬಾರದು.